ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಕುರ್ಚಿ

ಕಾರವಾರಕ್ಕೆ ಬಂದ ಪ್ರವಾಸಿಗರು ಕಾಳಿ ನದಿ ಕಡಲು ಸೇರುವ ನೋಟವನ್ನು, ಆಚೆ ದಡದ ಸದಾಶಿವಗಡದ ಗುಡ್ಡವನ್ನು ಕಣ್ತುಂಬ ನೋಡಿಕೊಂಡು ಹೋಗುತ್ತಾರೆ. ಇಲ್ಲಿನ ಕಡಲತೀರಕ್ಕೆ 1883ರಲ್ಲಿ ಬಂದು ತಂಗಿದ್ದ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಊರಿನವರಿಗೆ ಮಾತ್ರ ದಿನವೂ ಕಾಣುವುದು ಇನ್ನೊಂದು: ತುಕ್ಕು. ಗೇಟು, ಕಿಟಕಿಯ ಸರಳು, ಅಂಗಳದ ಉಯ್ಯಾಲೆ, ಕುರ್ಚಿ ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. 2006ರಿಂದ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಯುದ್ಧನೌಕೆಗೇ ಬಣ್ಣದ ಆರೈಕೆ ತಪ್ಪಿಲ್ಲವೆಂದ ಮೇಲೆ ಬಡಪಾಯಿ ಕುರ್ಚಿಯ ಪಾಡೇನು!

ಸೆಪ್ಟೆಂಬರ್ ಕಳೆದು ಮಳೆ ಹಿಂದೆಗೆಯುವ ಹೊತ್ತಿಗೆ ಕುರ್ಚಿಯ ಪಾದಗಳಲ್ಲಿ, ಬೆಸುಗೆಯ ಸಂದುಗಳಲ್ಲಿ ಬಣ್ಣ ಹಕ್ಕಳೆ ಎದ್ದಿರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದಲೇ ಉಬ್ಬಿ ಬಣ್ಣವನ್ನು ಮೇಲೆತ್ತುತ್ತದೆ. ಅದರ ಮೇಲೆಯೇ ಹೊಸ ಬಣ್ಣ ಬಳಿದರೆ ಹಬ್ಬಕ್ಕೆ ಚೆಂದ, ಮುಂದಿನ ಮಳೆಗೆ ಮತ್ತದೇ ಕಥೆ.

ಇಲ್ಲಿ ಮೊದಲ ಕೆಲಸ ಉಜ್ಜುವುದೂ ಅಲ್ಲ, ತೊಳೆಯುವುದು. ಅವಸರದಲ್ಲಿ ಹೆಚ್ಚಿನವರು ಬಿಡುವುದೂ ಇದನ್ನೇ. ಕಣ್ಣಿಗೆ ಕಾಣದ ಉಪ್ಪು ಲೋಹದ ಮೇಲೆ ಉಳಿದರೆ ಗಾಳಿಯ ತೇವವನ್ನು ಹೀರಿ ಬಣ್ಣದಡಿಯಲ್ಲೇ ತುಕ್ಕು ಬೆಳೆಸುತ್ತದೆ. ಬಾವಿಯ ಸಿಹಿನೀರಿನಿಂದ ಎರಡು ಸಲ ತೊಳೆದು ಬಿಸಿಲಿಗಿಡಬೇಕು.

ಇನ್ನು ಉಜ್ಜುವ ಸರದಿ. ದಸರಾ ರಜೆಯಲ್ಲಿರುವ ಮಕ್ಕಳ ಕೈಗೆ ಎಮರಿ ಕಾಗದ ಕೊಟ್ಟು ಕೂರಿಸುವ ಮನೆಗಳಿವೆ. ತಂದೆತಾಯಿಯರು ಇಲ್ಲಿ ತುಸು ಯೋಚಿಸಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅಜ್ಜನ ಕಾಲದ ಕುರ್ಚಿಯ ಪದರಗಳಲ್ಲಿ ಎಷ್ಟು ಸೀಸವಿದೆಯೋ ಬರಿಗಣ್ಣಿಗೆ ತಿಳಿಯದು. ಒಣಗಿದ ಹಾಗೇ ಉಜ್ಜಿದರೆ ಅದು ಧೂಳಾಗಿ ಉಸಿರಿಗೂ ಊಟದ ಕೈಗೂ ಸೇರುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದು ವಿಷ. ಹಳೆಯ ಕುರ್ಚಿಯನ್ನು ದೊಡ್ಡವರೇ ಮೂಗಿಗೆ ಸರಿಯಾದ ಮಾಸ್ಕ್ ಕಟ್ಟಿಕೊಂಡು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತ ಉಜ್ಜಬೇಕು. ಬೆಂಕಿಯಿಂದ ಬಣ್ಣ ಸುಡುವುದಂತೂ ಬೇಡವೇ ಬೇಡ. ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಪೂರ್ತಿ ಕೆರೆಯುವ ಹಟವೂ ಬೇಕಿಲ್ಲ. ಉದುರಿದ ಚೂರುಗಳನ್ನು ಗಿಡದ ಬುಡಕ್ಕೆ ಗುಡಿಸಬಾರದು.

ಮಕ್ಕಳಿಗೆ ಕೆಲಸ ಸಿಗುವುದು ಇದೆಲ್ಲ ಮುಗಿದು, ಒರೆಸಿ, ಒಣಗಿದ ಮೇಲೆ. ಬರಿ ಕಬ್ಬಿಣವನ್ನು ರಾತ್ರಿಯ ತೇವಕ್ಕೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು. ಅದು ಆರಿದ ಮೇಲೆ ಎನಾಮಲ್ ಬಣ್ಣ, ದಪ್ಪಗೆ ಒಂದು ಸಲ ಅಲ್ಲ, ತೆಳ್ಳಗೆ ಎರಡು ಸಲ. ಕುರ್ಚಿಯನ್ನು ಮೊದಲು ತಲೆಕೆಳಗಾಗಿ ನಿಲ್ಲಿಸಿ ಅಡಿಭಾಗಕ್ಕೆ ಬಳಿಯುವುದು ಒಳ್ಳೆಯದು. ನೀರು ನಿಲ್ಲುವ ಸಂದುಗಳೆಲ್ಲ ಅಲ್ಲಿಯೇ ಇವೆ, ಪುಟ್ಟ ಕೈಗಳಿಗೆ ಅವು ಸುಲಭವಾಗಿ ಎಟಕುತ್ತವೆ.