ಡೈನಮೊ ಇಳಿಸಿದ ಮಳೆಗಾಲ

ಬಚ್ಚಲೊಲೆಗೆ ಇನ್ನೊಂದು ಕುಂಟೆ ನೂಕಿ, ಹೇಳ್ತೀನಿ.

ನಮ್ಮ ಹಳೇ ಪೆಟ್ರೋಲ್ ಜೀಪಿಗೆ ಆಲ್ಟರ್ನೇಟರ್ ಹಾಕಿಸಿದ್ದು ಆಗುಂಬೆ ಘಾಟಿಯ ಕಾಟ ತಾಳಲಾರದೆ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವು. ಆಷಾಢದ ರಾತ್ರಿ, ಮುಂದೆ ಏದುಸಿರು ಬಿಡುವ ಲಾರಿ. ಅದು ನಿಂತರೆ ನಾವೂ ನಿಲ್ಲಬೇಕು. ನಿಂತರೆ ಮುಗೀತು: ಎಂಜಿನ್ ನಿಧಾನವಾದರೆ ಡೈನಮೊ ಏನೂ ಕೊಡದು, ಆಮೀಟರ್ ಮುಳ್ಳು ಮೈನಸ್ಸಿಗೆ ಬೀಳುವುದು, ಹೆಡ್‌ಲೈಟು ಚಿಮಣಿ ಬುಡ್ಡಿಯಾಗುವುದು. ಅಪ್ಪ ನ್ಯೂಟ್ರಲ್ಲಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗಲೇ ವೈಪರಿಗೆ ಜೀವ.

ತೀರ್ಥಹಳ್ಳಿಯ ಮೇಸ್ತ್ರಿ ಬಿಡಿಸಿ ಹೇಳಿದ. ಡೈನಮೊದಲ್ಲಿ ಕರೆಂಟು ಹುಟ್ಟುವ ಭಾರದ ಸುರುಳಿಯೇ ತಿರುಗಬೇಕು, ಹುಟ್ಟಿದ್ದೆಲ್ಲ ಕಾರ್ಬನ್ ಬ್ರಷ್ಷಿನ ಮೂಲಕವೇ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ಆ ಸುರುಳಿ ಕೂತಲ್ಲೇ ಕೂತಿರುತ್ತದೆ, ಒಳಗೆ ಅಯಸ್ಕಾಂತವಷ್ಟೇ ತಿರುಗುವುದು. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು. ಹುಟ್ಟಿದ ಎಸಿಯನ್ನು ಆರು ಡಯೋಡು ಡಿಸಿ ಮಾಡುತ್ತವೆ.

ಕೂರಿಸುವುದೇ ಪೇಚಾಟವಾಯಿತು. ಡೈನಮೊ ಒನಕೆಯ ತುಂಡಿನಂತೆ ಉದ್ದ, ಇದು ಕುಂಬಳಕಾಯಿಯಂತೆ ಗಿಡ್ಡ. ಬ್ರಾಕೆಟ್ಟು ಕೊರೆದು, ವಾಷರ್ ಮೇಲೆ ವಾಷರ್ ತುರುಕಿ ಪುಲ್ಲಿಗಳನ್ನು ಒಂದೇ ಗೆರೆಗೆ ತರುವಷ್ಟರಲ್ಲಿ ಮಧ್ಯಾಹ್ನ. ಹಳೇ ಕಟೌಟ್ ಡಬ್ಬಿ ಕಿತ್ತ, ಬ್ಯಾಟರಿಗೆ ದಪ್ಪ ವೈರು ಎಳೆದ, ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ ಅರ್ಧ ಇಂಚು ಬಗ್ಗುವಂತೆ ಬಿಗಿದ. ಎಂಜಿನ್ ಐಡಲ್ಲಿನಲ್ಲಿದ್ದಾಗಲೇ ಮೀಟರಿನಲ್ಲಿ 14 ವೋಲ್ಟ್! ಮೇಸ್ತ್ರಿ ನಗುತ್ತ ಚಾ ತರಲು ಹೋದ.

ಅಪ್ಪನಿಗೆ ಮೀಟರಿನ ಮೇಲೆ ನಂಬಿಕೆಯಿಲ್ಲ. ಡೈನಮೊ ಕಾಲದ ಪರೀಕ್ಷೆಯೊಂದು ಅವರ ಕೈಯಲ್ಲಿತ್ತು: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತುಬಿಡುವುದು. ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿ ಅಂತ ಅರ್ಥ. ಕಿತ್ತರು. ಎಂಜಿನ್ ನಿಲ್ಲಲಿಲ್ಲ. ‘ನೋಡ್ದ್ಯಾ?’ ಅಂದರು ನನಗೆ, ವೈರು ಎತ್ತಿ ಹಿಡಿದು. ಹೆಡ್‌ಲೈಟು ಯಾವತ್ತೂ ಕಾಣದಷ್ಟು ಬೆಳ್ಳಗೆ ಉರಿಯಿತು, ಒಂದೇ ಕ್ಷಣ. ಆಮೇಲೆ ಬಲ್ಬೂ ಇಲ್ಲ, ಡಯೋಡೂ ಇಲ್ಲ. ವೋಲ್ಟೇಜಿನ ಏಟು ತಾಳಿಕೊಳ್ಳಲು ಬ್ಯಾಟರಿಯೇ ಇರಲಿಲ್ಲವಲ್ಲ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಮೇಸ್ತ್ರಿ ಮೂರು ಲೋಟ ಹಿಡಿದು ಬಂದ. ಅಪ್ಪನ ಕೈಯಲ್ಲಿದ್ದ ಟರ್ಮಿನಲ್ ನೋಡಿದ. ಏನೂ ಅನ್ನದೆ ತನ್ನ ಪಾಲಿನ ಚಾ ಕುಡಿದು ಮುಗಿಸಿದ.

ಡಯೋಡ್ ತಟ್ಟೆ ಶಿವಮೊಗ್ಗದಿಂದ ಬರಬೇಕಿತ್ತು, ಮೂರು ದಿನ. ನಾವು ಬಸ್ಸಿನಲ್ಲಿ ಮನೆಗೆ ಹೊರಟೆವು. ಹಳೇ ಡೈನಮೊವನ್ನು ಗೋಣಿಚೀಲದಲ್ಲಿ ಸುತ್ತಿ ಅಪ್ಪ ತೊಡೆಯ ಮೇಲಿಟ್ಟುಕೊಂಡಿದ್ದರು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೇಟು ಹರಿದ.