ಸೂರ್ಯನ ಬಿರುಗಾಳಿಗೆ ಪಂಚಾಂಗವಿಲ್ಲ

ಚಿತ್ರದುರ್ಗ ಸೀಮೆಯವರಿಗೆ ಆಕಾಶ ನೋಡುವುದು ಹುಟ್ಟಿನಿಂದ ಬಂದ ರೂಢಿ. ಹಿರಿಯೂರಿನ ಶೇಂಗಾ ಬೆಳೆಗಾರರು, ಹೊಸದುರ್ಗದ ತೆಂಗಿನ ತೋಟದವರು, ಹೊಳಲ್ಕೆರೆಯ ಅಡಿಕೆಯವರು ಮಳೆನಕ್ಷತ್ರವನ್ನು ಕುರಿತು ಆಡುವಷ್ಟು ಮಾತನ್ನು ಬೇರಾವುದನ್ನು ಕುರಿತೂ ಆಡುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ. ಅಷ್ಟು ದೀರ್ಘಕಾಲ ಮುಗಿಲಿಗೆ ಮುಖವೊಡ್ಡಿ ಕಾದ ಜನ ನಾವು. ಆದರೆ ಮುಗಿಲಿಗೂ ಬಹುದೂರದಲ್ಲಿ, ಸೂರ್ಯನಲ್ಲಿಯೇ ಏಳುವ ಬಿರುಗಾಳಿಯ ಸುದ್ದಿ ನಮ್ಮ ಮನೆಯಂಗಳಕ್ಕೆ ಬಂದುದು ಈಚೆಗೆ.

2024ರ ಮೇ 10 ಬಸವ ಜಯಂತಿ. ಆ ದಿನ ರಾತ್ರಿ, ಎರಡು ದಶಕಗಳಲ್ಲಿಯೇ ಅತ್ಯಂತ ಪ್ರಬಲವಾದ ಭೂಕಾಂತೀಯ ಬಿರುಗಾಳಿ ಭೂಮಿಯನ್ನು ತಟ್ಟಿತು. ಧ್ರುವಪ್ರದೇಶಗಳಲ್ಲಿ ಕಾಣುವ ಬೆಳಕು ಲಡಾಖಿನ ಹಾನ್ಲೆಯ ಆಕಾಶದಲ್ಲಿಯೂ ಕೆಂಪಗೆ ಕಾಣಿಸಿಕೊಂಡಿತು. ಚಿತ್ರಗಳು ಫೋನಿನಿಂದ ಫೋನಿಗೆ ಹರಿದಾಡಿದವು. ಅದರ ಬೆನ್ನಿಗೇ ಹೊಳಲ್ಕೆರೆ ಕಡೆಯ ತಾಯಿಯೊಬ್ಬರು ನಮ್ಮಲ್ಲಿಗೆ ಬಂದು, "ಅಯ್ನೋರೇ, ಮಗಳು ಏಳು ತಿಂಗಳ ಬಸುರಿ. ಸೂರ್ಯನಿಗೇ ಕೇಡು ಬಂದೈತಂತೆ. ಗ್ರಹಣದ ಹಂಗೆ ಇದಕ್ಕೂ ಹೊರಗೆ ಬಿಡಬಾರದಾ? ನಾಳೆ ದುರ್ಗದ ಆಸ್ಪತ್ರೆಗೆ ತೋರಿಸೋದಿತ್ತು" ಎಂದರು.

ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ನಾವು ಗ್ರಹಣಗಣಿತವನ್ನು ಕಲಿತಿದ್ದೆವು. ಸೂರ್ಯಚಂದ್ರರ ಗತಿ ನಿಯತವಾದುದು. ಆದುದರಿಂದ ನೂರು ವರ್ಷ ಮುಂದಿನ ಗ್ರಹಣವನ್ನೂ ಗುಣಿಸಿ ಹೇಳಬಹುದು. ಸೂರ್ಯನ ಬಿರುಗಾಳಿಗೆ ಅಂತಹ ಪಂಚಾಂಗವಿಲ್ಲ. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯನ ಮೇಲಿನ ಕಲೆಗಳು ಹೆಚ್ಚುತ್ತವೆ, ಆಗ ಬಿರುಗಾಳಿಗಳೂ ಹೆಚ್ಚುತ್ತವೆ ಎಂಬಷ್ಟನ್ನು ಬಲ್ಲೆವು. ಇಂತಹ ದಿನ ಇಂತಹ ಗಳಿಗೆ ಎಂದು ವರ್ಷದ ಮೊದಲೇ ಹೇಳಲಾಗದು.

ಕಾರಣ ಹೀಗಿದೆ. ಕಲೆಗಳಿರುವಲ್ಲಿ ಸೂರ್ಯನ ಕಾಂತಕ್ಷೇತ್ರ ಹುರಿಗೊಂಡ ಹಗ್ಗದಂತೆ ಬಿಗಿದಿರುತ್ತದೆ. ಅದು ಒಮ್ಮೆಲೇ ಸಡಿಲಗೊಂಡರೆ ಸೌರಜ್ವಾಲೆ ಸಿಡಿಯುತ್ತದೆ. ಅದರ ಬೆಳಕು ಎಂಟು ನಿಮಿಷಗಳಲ್ಲಿ ನಮ್ಮನ್ನು ಮುಟ್ಟುವುದರಿಂದ, ಕಂಡಾಗಲೇ ಅದು ಬಂದಾಗಿರುತ್ತದೆ. ಕೆಲವೊಮ್ಮೆ ಇದರೊಡನೆ ಕೋಟ್ಯಂತರ ಟನ್ ವಿದ್ಯುದಾವಿಷ್ಟ ಅನಿಲವೂ ಹೊರಚಿಮ್ಮುತ್ತದೆ. ಅದು ಭೂಮಿಯ ಕಡೆಗೆ ಹೊರಟರೆ ಬಂದು ಸೇರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮುನ್ಸೂಚನೆಗೆ ದೊರೆಯುವ ಅವಧಿ ಅಷ್ಟೇ. ಆ ಅನಿಲ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ ಪೆಟ್ಟು ಬಲವಾಗಿ ಬೀಳುತ್ತದೆ; ಉತ್ತರಾಭಿಮುಖವಾಗಿದ್ದರೆ ಬಹುಮಟ್ಟಿಗೆ ಸರಿದುಹೋಗುತ್ತದೆ. ಈ ದಿಕ್ಕು ಖಚಿತವಾಗಿ ತಿಳಿಯುವುದು ಅದು ನಮ್ಮ ಹೊಸ್ತಿಲಿಗೆ ಬಂದ ಮೇಲೆಯೇ.

ಆ ಹೊಸ್ತಿಲಲ್ಲಿ ಈಗ ನಮ್ಮವರ ಕಾವಲೂ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿರುವ ಏಳು ಉಪಕರಣಗಳಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಪ್ರಧಾನ ಉಪಕರಣವನ್ನು ರೂಪಿಸಿದುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಬಿರುಗಾಳಿ ಆ ನೆಲೆಯನ್ನು ದಾಟಿ ಭೂಮಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಇಷ್ಟು ಅಲ್ಪ ಕಾಲದಿಂದ ಪ್ರಯೋಜನವೇನು ಎಂದು ಓದುಗರು ಕೇಳಬಹುದು. 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲ ಇಂತಹ ಬಿರುಗಾಳಿಗೆ ಸಿಲುಕಿ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲೆಯಲ್ಲಿದ್ದರು. ಭೂಮಧ್ಯರೇಖೆಗೆ ಸಮೀಪದಲ್ಲಿರುವ ನಮ್ಮ ವಿದ್ಯುತ್ ತಂತಿಗಳಿಗೆ ಅಷ್ಟು ಭಯವಿಲ್ಲ. ಆದರೆ ನಮ್ಮ ಉಪಗ್ರಹಗಳಿಗೆ ಇದೆ. 2024ರ ಆ ಮೇ ತಿಂಗಳಿನಲ್ಲಿ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಎಚ್ಚರದಿಂದಿದ್ದರು. ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್ ಉಪಗ್ರಹಗಳಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕನ್ನರಿಯುವ ಉಪಕರಣವನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸಿದರು. ದೊಡ್ಡ ಹಾನಿಯಾಗಲಿಲ್ಲ. ಈ ಎರಡೂ ನಮಗೆ ಮೋಡದ ಚಿತ್ರ ಕಳುಹಿಸುವ ಹವಾಮಾನ ಉಪಗ್ರಹಗಳು. ಹೊಸದುರ್ಗದ ರೈತ ಮಳೆಯ ಸುದ್ದಿಗೆ ಕಿವಿಗೊಡುವಾಗ ಆ ಸುದ್ದಿಯ ಹಿಂದೆ ಇಂತಹ ಕಾವಲುಗಾರರ ನಿದ್ದೆಗೆಟ್ಟ ಕಣ್ಣುಗಳೂ ಇವೆ.

ಆ ತಾಯಿಗೆ ಇಷ್ಟೆಲ್ಲವನ್ನು ವಿವರಿಸಲಿಲ್ಲ. "ತಾಯಿ, ಈ ಗಾಳಿಯನ್ನು ತಡೆಯಲು ಭೂಮಿಗೆ ತನ್ನದೇ ಕಾಂತಕವಚವಿದೆ, ಅದರ ಕೆಳಗೆ ದಪ್ಪನೆಯ ವಾಯುಮಂಡಲವಿದೆ. ನೆಲದ ಮೇಲಿರುವ ಬಸುರಿಗೂ ಕೂಸಿಗೂ ಇದರಿಂದ ಕೇಡಿಲ್ಲ. ಉಪವಾಸ ಕೆಡವಬೇಡಿ, ಕೋಣೆಯಲ್ಲಿ ಕೂಡಿಹಾಕಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿಸಿ, ವೈದ್ಯರಿಗೆ ತೋರಿಸಿ" ಎಂದೆವು. ಅವರು ಮರುದಿನ ಬೆಳಗಿನ ಬಸ್ಸಿಗೇ ಮಗಳನ್ನು ಕರೆದುಕೊಂಡು ಹೋದರು.

ಎಂತಹ ಸುದ್ದಿ ಬಂದರೂ ಅದು ಯಾರಿಗೆ, ಯಾವುದಕ್ಕೆ ಅಪಾಯ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಉಪಗ್ರಹಕ್ಕೆ ಬಂದ ಎಚ್ಚರಿಕೆಯನ್ನು ಗರ್ಭಿಣಿಯ ತಲೆಗೆ ಕಟ್ಟಬಾರದು. ಹಾಸನದ ತಂತ್ರಜ್ಞರು ತಮ್ಮ ಕೆಲಸವನ್ನು ಮಾಡುತ್ತಾರೆ. ಮನೆಯ ಹೆಣ್ಣುಮಗಳನ್ನು ಸಕಾಲಕ್ಕೆ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಕೆಲಸ.