ಅರಳು ಮರಳು ಎನ್ನುವ ಮುನ್ನ

ಹೋದ ತಿಂಗಳು ನಾಗಮಂಗಲದಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನಾನು ಅಲ್ಲಿ ಕೆಲಸ ಮಾಡುತ್ತಿದ್ದಾಗ ಹತ್ತನೆಯ ತರಗತಿಯಲ್ಲಿದ್ದ ಹುಡುಗ. ಈಗ ಅವನ ಮಗಳೇ ಹತ್ತನೆಯ ತರಗತಿಯಂತೆ. ಕುಶಲ ವಿಚಾರಿಸಿದ ಮೇಲೆ ಮೆಲ್ಲಗೆ ತಂದೆಯ ಮಾತು ತೆಗೆದ. "ಅಪ್ಪನಿಗೆ ಎರಡು ವರ್ಷದಿಂದ ಡಯಾಲಿಸಿಸ್ ನಡೀತಿದೆ ಸಾರ್. ಅದಕ್ಕೆ ಹೇಗೋ ಹೊಂದಿಕೊಂಡಿದ್ದೀವಿ. ಆದರೆ ಈಚೆಗೆ ಬಲು ಹಟ. ಮಾತ್ರೆ ನುಂಗಿದೆ ಅಂತಾರೆ, ನುಂಗಿರಲ್ಲ. ಒಂದು ಮಾತು ಕೇಳಿದರೆ ಸುಮ್ಮನೆ ಮುಖ ನೋಡ್ತಾರೆ. ಬೇಕೂಂತ ಮಾಡ್ತಾರೋ, ಅರಳು ಮರಳೋ ತಿಳೀತಿಲ್ಲ" ಎಂದ.

ಫೋನಿನಲ್ಲಿ ಅವನಿಗೆ ಹೇಳಲು ಸಾಧ್ಯವಾದದ್ದು ಸ್ವಲ್ಪ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಆದರೂ ಬರೆಯಲು ನನಗೊಂದು ಋಣವಿದೆ. ಅದು ನನ್ನದೇ ಒಂದು ತಪ್ಪಿಗೆ ಸಂಬಂಧಿಸಿದ್ದು.

ನಾನು ಕೃಷ್ಣರಾಜಪೇಟೆಗೆ ವರ್ಗವಾಗಿ ಹೋದದ್ದು 1979ರಲ್ಲಿ. ಅಲ್ಲಿ ಗಣಿತದ ಮೇಷ್ಟ್ರೊಬ್ಬರು ಪರಿಚಯವಾದರು. ಹೆಸರು ಬೇಡ, ಅವರ ಬಳಿ ಓದಿದವರಿಗೆ ಗುರುತು ಹತ್ತುತ್ತದೆ. ಸಂತೆಯಲ್ಲಿ ವ್ಯಾಪಾರಿ ತಕ್ಕಡಿ ಕೆಳಗಿಡುವುದರೊಳಗೆ ಅವರು ಮೊತ್ತ ಹೇಳಿಬಿಡುತ್ತಿದ್ದರು. ಮುಂದೆ ನಾವಿಬ್ಬರೂ ಒಂದೇ ವರ್ಷ, 2010ರಲ್ಲಿ, ನಿವೃತ್ತರಾದೆವು. ಅವರು ಪಾಂಡವಪುರದಲ್ಲಿ ಮನೆ ಕಟ್ಟಿಸಿಕೊಂಡರು, ನಾನು ಶ್ರೀರಂಗಪಟ್ಟಣದಲ್ಲಿ ನೆಲೆಸಿದೆ. ನಾವು ಹನ್ನೆರಡು ಮಂದಿ ನಿವೃತ್ತ ಶಿಕ್ಷಕರು ತಿಂಗಳಿಗೆ ತಲಾ ಎರಡು ಸಾವಿರದ ಚೀಟಿಯೊಂದನ್ನು ನಡೆಸುತ್ತಿದ್ದೆವು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

2014ರಲ್ಲಿ ಎರಡು ತಿಂಗಳು ಒಂದೇ ಸಮನೆ ಎರಡೆರಡು ಸಾವಿರ ಕಡಿಮೆ ಬಂತು. ಹಣ ಕೊಟ್ಟವರು ಕೊಟ್ಟೆವೆಂದರು, ಪುಸ್ತಕದಲ್ಲಿ ಬರೆದಿರಲಿಲ್ಲ. "ಲೆಕ್ಕದ ಮೇಷ್ಟ್ರೇ ಲೆಕ್ಕ ಮರೆತರು ಅಂದರೆ ಯಾರು ನಂಬ್ತಾರೆ?" ಎಂದು ಒಬ್ಬರು ನಗುತ್ತಲೇ ಅಂದರು. ಆ ನಗುವಿನ ಅರ್ಥ ಜಗಲಿಯಲ್ಲಿ ಕುಳಿತಿದ್ದ ಎಲ್ಲರಿಗೂ ಆಯಿತು. ಮೂವತ್ತೈದು ವರ್ಷದ ಒಡನಾಟವಿದ್ದ ನಾನು ಆ ಹೊತ್ತಿನಲ್ಲಿ ಒಂದು ಮಾತು ಆಡಬೇಕಾಗಿತ್ತು. ಆಡಲಿಲ್ಲ. ಸುಳ್ಳೇಕೆ, ನನ್ನ ಮನಸ್ಸಿನ ಮೂಲೆಯಲ್ಲೂ ಒಂದು ಸಂಶಯ ಸುಳಿದಿತ್ತು. ಅವರು ಒಳಗೆ ಹೋಗಿ ನಾಲ್ಕು ಸಾವಿರ ತಂದಿಟ್ಟು, ಪುಸ್ತಕವನ್ನು ಅದರ ಮೇಲಿಟ್ಟು, ಮತ್ತೆ ಒಳಗೆ ಹೋದರು.

ಮರುವರ್ಷ ಅವರ ಕಾಲು ಊದಿಕೊಂಡಿತು, ಊಟ ಸೇರದಾಯಿತು. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳು ಬಹುಮಟ್ಟಿಗೆ ಸೋತಿರುವುದು ತಿಳಿಯಿತು. ಹಲವು ವರ್ಷಗಳಿಂದ ಇದ್ದ ರಕ್ತದೊತ್ತಡ ಒಳಗಿಂದೊಳಗೇ ಕೆಲಸ ಮಾಡಿತ್ತು. ಜೊತೆಗೆ ಹೋದವನು ನಾನು. ವೈದ್ಯರು ಅದೂ ಇದೂ ಕೇಳುತ್ತ, "ನೂರರಿಂದ ಏಳೇಳು ಕಳೆಯುತ್ತ ಹೋಗಿ" ಎಂದರು. ನನಗೆ ನಗು ಬಂತು. ಇವರಿಗೆ ಈ ಲೆಕ್ಕವೇ! ಮೇಷ್ಟ್ರು "ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು" ಎಂದು ತಡೆದರು. ಬಹಳ ಹೊತ್ತಿನ ಮೇಲೆ "ಎಪ್ಪತ್ತಮೂರು" ಎಂದರು. ತಪ್ಪೆಂದು ಅವರಿಗೇ ಗೊತ್ತಾಯಿತು, ಸರಿಯಾದದ್ದು ಮಾತ್ರ ಸಿಗಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ನನ್ನ ನಗು ಅಲ್ಲಿಗೇ ನಿಂತಿತು.

ವೈದ್ಯರು ಅಂದು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ನಮ್ಮ ಸೀಮೆಯ ಮಾತಿನಲ್ಲಿ ಹೇಳುತ್ತೇನೆ. ಎರಡು ಮೂತ್ರಪಿಂಡಗಳ ತೂಕ ಸೇರಿ ಸುಮಾರು 300 ಗ್ರಾಂ. ಆದರೆ ಹೃದಯ ಒತ್ತುವ ರಕ್ತದಲ್ಲಿ ಐದನೆಯ ಒಂದು ಪಾಲು ಅವಕ್ಕೇ ಹೋಗುತ್ತದೆ. ಮಿದುಳಿಗೆ ಸುಮಾರು ಏಳನೆಯ ಒಂದು ಪಾಲು. ಎರಡು ಕಡೆಯೂ ದೊಡ್ಡ ನಾಲೆಯ ನೀರು ಹೆಚ್ಚು ತಡೆಯಿಲ್ಲದೆ ಕೂದಲೆಳೆಯ ಕಾಲುವೆಗಳಿಗೆ ನುಗ್ಗುವ ಏರ್ಪಾಡು. ತೂಬಿನಲ್ಲಿ ಒತ್ತಡ ಮಿತಿಮೀರಿದರೆ ಮೊದಲು ಕೊಚ್ಚಿಹೋಗುವುದು ಗದ್ದೆಯ ಬದುವಿನ ಸಣ್ಣ ಕಾಲುವೆಯಲ್ಲವೆ? ಹಾಗೆಯೇ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸುವಾಗ ಮಿದುಳಿನ ಸೂಕ್ಷ್ಮ ನಾಳಗಳನ್ನೂ ಬಿಡುವುದಿಲ್ಲ. ಇದರ ಮೇಲೆ, ಸೋಸಿ ಹೊರಹೋಗಬೇಕಾದ ಕಲ್ಮಶ ರಕ್ತದಲ್ಲೇ ಉಳಿಯುತ್ತದೆ. ರಕ್ತಕಣಗಳನ್ನು ಹುಟ್ಟಿಸುವಂತೆ ಮೂಳೆಮಜ್ಜೆಗೆ ಸೂಚನೆ ಕೊಡುವ ಎರಿತ್ರೋಪೊಯೆಟಿನ್ ಎಂಬ ರಸವೂ ಮೂತ್ರಪಿಂಡದಲ್ಲೇ ಹೆಚ್ಚಾಗಿ ತಯಾರಾಗುವುದರಿಂದ ರಕ್ತಹೀನತೆ ಬರುತ್ತದೆ. ಮಿದುಳಿಗೆ ಆಮ್ಲಜನಕ ಸಾಲದಾಗುತ್ತದೆ.

ಇದರಲ್ಲಿ ಮೊದಲು ಕುಂದುವುದು ಹಳೆಯ ನೆನಪಲ್ಲ. ಗಮನ, ಚುರುಕು, ಒಂದಾದ ಮೇಲೊಂದು ಕೆಲಸವನ್ನು ಜೋಡಿಸಿಕೊಳ್ಳುವ ಶಕ್ತಿ, ಇವು. ಆದ್ದರಿಂದಲೇ ಮನೆಯವರು ಮೋಸಹೋಗುತ್ತಾರೆ. 1979ರ ಸಂತೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುವ ಮನುಷ್ಯ ಬೆಳಗಿನ ಮಾತ್ರೆಯನ್ನು ಮರೆತರೆ ನಾಟಕವೆನ್ನಿಸುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ 55 ದಾಟಿದ 374 ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನೂರಕ್ಕೆ 37 ಮಂದಿಯ ಬುದ್ಧಿಶಕ್ತಿ ತೀವ್ರವಾಗಿ ಕುಂದಿತ್ತು. ಪೂರ್ತಿ ಸಹಜವಾಗಿದ್ದವರು 13 ಮಂದಿ ಮಾತ್ರ. ಆದರೆ ಇಂಥ ತೊಂದರೆಯಿದೆಯೆಂದು ಅವರ ಆಸ್ಪತ್ರೆಯ ಕಡತಗಳಲ್ಲಿ ದಾಖಲಾಗಿದ್ದುದು ನೂರಕ್ಕೆ ಮೂವರಷ್ಟೂ ಇಲ್ಲ. ಅಲ್ಲಿಯ ವೈದ್ಯರಿಗೇ ಕಾಣದ್ದು ನಮ್ಮ ಜಗಲಿಯ ಹನ್ನೊಂದು ಮಂದಿಗೆ ಕಾಣದಿದ್ದುದು ಆಶ್ಚರ್ಯವಲ್ಲ. ಹಾಗೆಂದು ನಾನು ಸಮಾಧಾನ ಹೇಳಿಕೊಳ್ಳಲಾರೆ.

ಆ ವರ್ಷದ ಕೊನೆಯಲ್ಲಿ, ಹಳೆಯ ಪಂಚಾಂಗಗಳನ್ನು ತೆಗೆದುಹಾಕುವಾಗ, ಅವರ ಮನೆಯವರಿಗೆ ಎರಡು ಲಕೋಟೆಗಳು ಸಿಕ್ಕವು. ಒಂದೊಂದರಲ್ಲೂ ಎರಡು ಸಾವಿರ; ಮೇಲೆ ಕೊಟ್ಟವರ ಹೆಸರು, ಮೇಷ್ಟ್ರ ಮುದ್ದಾದ ಅಕ್ಷರದಲ್ಲಿ.

2016ರಿಂದ ಅವರಿಗೆ ವಾರಕ್ಕೆ ಮೂರು ದಿನ, ಸರತಿಗೆ ನಾಲ್ಕು ಗಂಟೆ, ಮೈಸೂರಿನಲ್ಲಿ ಡಯಾಲಿಸಿಸ್. ಪಾಂಡವಪುರದಿಂದ ಬರುವ ಅವರ ಬಸ್ಸನ್ನು ನಾನು ಶ್ರೀರಂಗಪಟ್ಟಣದಲ್ಲಿ ಹತ್ತಿಕೊಳ್ಳುತ್ತಿದ್ದೆ. ಹೋಗುವಾಗ ಮಾತು ಸರಾಗ. ಹಿಂದಿರುಗುವಾಗ ಕಾವೇರಿಯ ಸೇತುವೆ ದಾಟಿದ ಮೇಲೂ "ಪಟ್ಟಣ ಬಂತೇ?" ಎಂದು ಎರಡು ಮೂರು ಸಲ ಕೇಳುವರು. ಮರುದಿನ ಬೆಳಿಗ್ಗೆ ಹೋದರೆ ಮತ್ತೆ ಹಳೆಯ ಮೇಷ್ಟ್ರೇ. ಇದಕ್ಕೂ ಕಾರಣವುಂಟು. ಡಯಾಲಿಸಿಸ್ ನಡೆಯುವಾಗ ದೇಹದ ನೀರೂ ಲವಣಗಳೂ ಬೇಗ ಬೇಗ ಬದಲಾಗುತ್ತವೆ, ರಕ್ತದೊತ್ತಡ ಇಳಿಯುವುದೂ ಉಂಟು. ಬುದ್ಧಿ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಮಂಕಾಗಿರುತ್ತದೆ. ಮರುದಿನ ಅಥವಾ ಮುಂದಿನ ಸರತಿಗೆ ಸ್ವಲ್ಪ ಮುಂಚೆ ತಿಳಿಯಾಗಿರುತ್ತದೆ. ಆದುದರಿಂದ ಆಸ್ತಿಯ ಮಾತು, ಸಹಿಯ ಮಾತು, ಚಿಕಿತ್ಸೆಯ ತೀರ್ಮಾನ ಏನಿದ್ದರೂ ಆ ಮರುದಿನಕ್ಕೇ ಇಟ್ಟುಕೊಳ್ಳಬೇಕು.

ಅಂಥದೊಂದು ಮರುದಿನ ನಾನು ಅವರ ಜಗಲಿಯಲ್ಲಿ ಕುಳಿತು, "ಚೀಟಿಯ ದಿನ ನಾನು ಸುಮ್ಮನಿದ್ದದ್ದು ತಪ್ಪಾಯಿತು ಮೇಷ್ಟ್ರೇ" ಎಂದೆ. ಅವರು ತುಸು ಹೊತ್ತು ಬೀದಿಯ ಕಡೆ ನೋಡಿದರು. "ಏನೇನೋ ಮರೆತುಹೋಗ್ತದೆ. ನೀವು ಅವತ್ತು ಮಾತಾಡಲಿಲ್ಲ ಅನ್ನೋದು ಮಾತ್ರ ಮರೆತಿಲ್ಲ" ಎಂದರು. ಆಮೇಲೆ ಒಳಗೆ ಕೂಗಿ ನನಗೆ ಕಾಫಿ ತರಿಸಿದರು. ಅವರಿಗೆ ನೀರಿನ ಮಿತಿಯಿತ್ತು, ತಾವು ಕುಡಿಯಲಿಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ನನಗೇ ಇತ್ತು. 2019ರಲ್ಲಿ ಅವರು ತೀರಿಕೊಂಡರು.

ನಾಗಮಂಗಲದ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಅಪ್ಪನ ಮರೆವನ್ನು ಡಯಾಲಿಸಿಸ್ ವೈದ್ಯರಿಗೆ ಬಾಯಿಬಿಟ್ಟು ಹೇಳು. ನೀನು ಹೇಳದಿದ್ದರೆ ಅವರಿಗೆ ತಿಳಿಯದಿರಬಹುದು. ಮಂಕಿಗೆ ಕೆಲವೊಮ್ಮೆ ತಿದ್ದಬಹುದಾದ ಕಾರಣಗಳಿರುತ್ತವೆ: ಹಿಮೋಗ್ಲೋಬಿನ್ ಇಳಿದಿರಬಹುದು, ಸೋಡಿಯಂ ಏರುಪೇರಾಗಿರಬಹುದು, ಮನಸ್ಸು ಖಿನ್ನವಾಗಿರಬಹುದು. ಸೋತ ಮೂತ್ರಪಿಂಡವಿದ್ದರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ತೀರ ಇಳಿಯಬಹುದು. ಕೆಲವು ನೋವಿನ, ನರದ, ಸೋಂಕಿನ ಔಷಧಿಗಳು ಹೊರಹೋಗದೆ ಸೇರಿಕೊಂಡು ಭ್ರಮೆ ತರುವುದುಂಟು. ಅಂಗಡಿಯಿಂದ ಯಾವ ಮಾತ್ರೆಯನ್ನೂ ಕೇಳದೆ ತರಬೇಡ. ನಕ್ಷತ್ರ ಹಣ್ಣನ್ನು, ಎಂದರೆ ಧಾರೆಹುಳಿಯನ್ನು, ಮನೆಯೊಳಕ್ಕೇ ತರಬೇಡ. ಮೂತ್ರಪಿಂಡ ಸೋತವರಿಗೆ ಅದು ಬಿಡದ ಬಿಕ್ಕಳಿಕೆ, ಭ್ರಮೆ, ಪ್ರಾಣಾಪಾಯವನ್ನೂ ತರಬಲ್ಲದು. ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡು. ಒಂದು ಸಲಕ್ಕೆ ಒಂದೇ ಮಾತು ಕೇಳು, ಉತ್ತರಕ್ಕೆ ಕಾಯಿ. ಕಳೆದುಹೋದದ್ದೆಲ್ಲ ಹಿಂದಿರುಗುತ್ತದೆಂದು ನಾನು ಹೇಳಲಾರೆ. ಕಸಿಯಾದ ಮೇಲೆ ಬುದ್ಧಿ ಚುರುಕಾದವರೂ ಇದ್ದಾರೆ.

ಮೊನ್ನೆ ಅವನು ಮತ್ತೆ ಫೋನ್ ಮಾಡಿದ್ದ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತಂತೆ, ಚುಚ್ಚುಮದ್ದು ಶುರುವಾಗಿದೆಯಂತೆ. "ಬೈದುಬಿಟ್ಟಿದ್ದೆ ಸಾರ್" ಎಂದ. "ಇವತ್ತೇ ಹೋಗಿ ಅಪ್ಪನ ಹತ್ತಿರ ಹೇಳಪ್ಪ. ಡಯಾಲಿಸಿಸ್ ಇದ್ದರೆ ನಾಳೆ ಹೇಳು" ಎಂದೆ.

ಉಳಿದ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಮಾತು. ರಕ್ತದೊತ್ತಡವೋ ಸಕ್ಕರೆಯೋ ಇರುವ ಹಿರಿಯರಿಗೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮೂತ್ರದ ಪರೀಕ್ಷೆಯನ್ನೂ ಮಾಡಿಸಿ. ಅವರ ಲೆಕ್ಕ ತಪ್ಪಿದ ದಿನ ಅರಳು ಮರಳು ಎಂದು ನಗುವ ಮುನ್ನ, ಅದಕ್ಕಿಂತ ಹೆಚ್ಚಾಗಿ ಸುಮ್ಮನೆ ಕುಳಿತುಬಿಡುವ ಮುನ್ನ, ಪಾಂಡವಪುರದ ಆ ಎರಡು ಲಕೋಟೆಗಳನ್ನು ನೆನೆಯಿರಿ.